ಪ್ರಿಯ ಎಡಭುಜ ಇಳಿಜಾರು ಅವರಿಗೆ

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಟೈಲರಮ್ಮನ ಅಂಗಡಿಯ ಈಮೇಲ್ ಖಾತೆಯನ್ನು ಮುಚ್ಚಲಾಯಿತು. ಮುನ್ನೂರ ಹನ್ನೆರಡು ಜನರಿಗೆ ಅವರ ಒಪ್ಪಿಗೆಯಿಲ್ಲದೆ ಪತ್ರ ಕಳಿಸಿದ್ದೇ ಕಾರಣ ಎಂದು ತಿಳಿಸಲಾಗಿತ್ತು. ಮುಚ್ಚುವ ಮೊದಲು ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ.

ಆ ಹೊತ್ತಿಗೆ ಟೈಲರಮ್ಮ ಒಂದು ಹಳೆಯ ಕೋಟಿನ ಕಂಕುಳ ಹೊಲಿಗೆ ಬಿಚ್ಚುತ್ತಿದ್ದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ಕನ್ನಡಕವನ್ನು ಹಣೆಗೆ ಏರಿಸಿ, ಮತ್ತೆ ಮೂಗಿಗೆ ಇಳಿಸಿ, ಕಂಪ್ಯೂಟರಿನ ಪರದೆಯನ್ನು ಎರಡು ಸಲ ಓದಿದರು.

"ಏನಂತೆ ಅತ್ತೆ?"

"ನಾವು ಜನಕ್ಕೆ ಬೇಡದ ಪತ್ರ ಕಳಿಸಿದೀವಂತೆ. ಬೇಡದ ಪತ್ರಗಳ ನಿಯಂತ್ರಣ ಕಚೇರಿಯಿಂದ ಬಂದಿದೆ, ನನ್ನ ಸ್ವಂತ ವಿಳಾಸಕ್ಕೆ. ಕೆಳಗೆ, ಈ ಪತ್ರಕ್ಕೆ ಉತ್ತರ ಬರೀಬೇಡಿ ಅಂತ ಬೇರೆ ಹಾಕಿದಾರೆ."

"ನೀವೇನು ಮಾಡಿದ್ರಿ?"

"ಉತ್ತರ ಬರೆದೆ. ನಿಮ್ಮ ಪತ್ರಕ್ಕೆ ನಾನೂ ಒಪ್ಪಿಗೆ ಕೊಟ್ಟಿರಲಿಲ್ಲ ಅಂತ."

ಅಂಗಡಿ ಎಂದರೆ ಬೀದಿಗೆ ಮುಖ ಮಾಡಿದ ಒಂದೇ ಕೋಣೆ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅಳತೆ ನೋಡಲು ಪರದೆ ಕಟ್ಟಿದ ಒಂದು ಮೂಲೆ, ಗೋಡೆಯುದ್ದಕ್ಕೂ ಒಂದು ಕೊಳವೆ, ಅದರ ತುಂಬಾ ತೂಗುವ ಬಟ್ಟೆ. ಎಪ್ಪತ್ತೊಂದು ವರ್ಷದ ಅತ್ತೆ ಕಾಜಾ ಹೊಲಿಯುತ್ತಾರೆ, ಗುಂಡಿ ಹಾಕುತ್ತಾರೆ, ಮೂರು ವರ್ಷದಿಂದ ಕಂಪ್ಯೂಟರನ್ನೂ ನೋಡಿಕೊಳ್ಳುತ್ತಾರೆ. ಸೊಸೆಗೆ ಆ ಯಂತ್ರದ ಸಹವಾಸವೇ ಬೇಡ. ಅದು ಓಡುವಾಗ ಸದ್ದು ಮಾಡುವುದಿಲ್ಲ, ಸದ್ದು ಮಾಡದ ಯಂತ್ರವನ್ನು ನಂಬುವುದು ಹೇಗೆ ಎಂಬುದು ಆಕೆಯ ತಕರಾರು.

ಈ ಅಂಗಡಿಗೊಂದು ಪದ್ಧತಿಯಿತ್ತು. ಬೆಳೆಯುವ ಮಕ್ಕಳ ಬಟ್ಟೆಯನ್ನು ಇಲ್ಲಿ ಮೂರು ಬೆರಳು ಮಡಿಕೆ ಬಿಡದೆ ಹೊಲಿಯುತ್ತಿರಲಿಲ್ಲ. ಫ್ರಾಕಿನ ಅಂಚು, ಪ್ಯಾಂಟಿನ ಕಾಲು, ಅಂಗಿಯ ತೋಳು, ಎಲ್ಲದರ ಒಳಗೂ ಮೂರು ಬೆರಳಷ್ಟು ಬಟ್ಟೆಯನ್ನು ಮಡಿಸಿ, ಎಳೆದರೆ ಬಿಚ್ಚಿಕೊಳ್ಳುವ ಸಡಿಲ ಹೊಲಿಗೆ ಹಾಕಿಡುವುದು. ಬಟ್ಟೆ ತಂದವರದು, ಅದನ್ನು ಕತ್ತರಿಸಿ ಚಿಂದಿ ಬುಟ್ಟಿಗೆ ಎಸೆಯಲು ನಾನ್ಯಾರು ಎನ್ನುತ್ತಿದ್ದಳು ಟೈಲರಮ್ಮ. ಮಗು ಬೆಳೆದ ಮೇಲೆ ಮಡಿಕೆ ಇಳಿಸಿಕೊಡುವುದು ಪುಕ್ಕಟೆ. ಆದರೆ ಒಳಗೆ ಮಡಿಕೆಯಿದೆ ಎಂಬುದು ಹೆತ್ತವರಿಗೆ ನೆನಪಿರಬೇಕಲ್ಲ. ಅದಕ್ಕೇ ವರ್ಷಕ್ಕೆರಡು ಸಲ ಪತ್ರ: ನಿಮ್ಮ ಮಗಳ ಫ್ರಾಕಿನಲ್ಲಿ ಇನ್ನೂ ಎರಡು ಇಂಚು ಇದೆ, ಹೊಸದು ಕೊಳ್ಳಬೇಡಿ, ತನ್ನಿ, ಇಳಿಸಿಕೊಡುತ್ತೇವೆ.

ಹೊಸದು ಕೊಳ್ಳಬೇಡಿ ಎಂದು ಗಿರಾಕಿಗೆ ಬರೆಯುವ ಅಂಗಡಿ ಊರಲ್ಲಿ ಇದೊಂದೇ. ಹಾಗೆ ಬರೆದದ್ದರಿಂದಲೇ ಅದು ಉಳಿದಿತ್ತು. ಮಡಿಕೆ ಇಳಿಸಲು ಬಂದ ತಾಯಿ ತನಗೊಂದು ಅಂಗಿಗೆ ಅಳತೆ ಕೊಟ್ಟು ಹೋಗುತ್ತಿದ್ದಳು, ಜೊತೆಗೆ ಬಂದ ಅಪ್ಪ ಅಳತೆ ಕೊಡಲು ನಾಚಿ ಕೊನೆಗೂ ಕೊಡುತ್ತಿದ್ದ. ಈಗ ಶಾಲೆ ಶುರುವಾಗಲು ಆರು ವಾರ ಉಳಿದಿತ್ತು. ಈ ಆರು ವಾರದಲ್ಲಿ ಪತ್ರ ಹೋಗದಿದ್ದರೆ ಜನ ಚೌಕದ ರೆಡಿಮೇಡ್ ಮಳಿಗೆಗೆ ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ. ಆಮೇಲೆ ಎರಡು ಯಂತ್ರಕ್ಕೂ ಹೊದಿಕೆ ಹಾಕಿ ಬಾಗಿಲೆಳೆಯುವುದೊಂದೇ ಬಾಕಿ. ಅತ್ತೆ ಸೊಸೆ ಇಬ್ಬರಿಗೂ ಇದು ಗೊತ್ತಿತ್ತು.

ಇಷ್ಟಕ್ಕೂ ದೂರು ಬಂದದ್ದು ಎಲ್ಲಿಂದ ಎಂದು ಹುಡುಕಲು ಇಬ್ಬರೂ ಬಹಳ ದೂರ ಹೋಗಬೇಕಿರಲಿಲ್ಲ. ಅತ್ತೆಯ ಕೈಯಲ್ಲೇ ಒಂದು ಎಡವಟ್ಟಾಗಿತ್ತು.

ಟೈಲರಮ್ಮನ ಅಳತೆ ಪುಸ್ತಕದಲ್ಲಿ ಹೆಸರುಗಳಿಗಿಂತ ಎಚ್ಚರಿಕೆಗಳು ಎದ್ದು ಕಾಣುತ್ತವೆ. ಹೆಸರು ಎಲ್ಲೋ ಮೂಲೆಯಲ್ಲಿ ಪುಟ್ಟದಾಗಿ ಇರುತ್ತದೆ. ಹೆಸರಿನಿಂದ ಅಂಗಿ ಹೊಲಿಯಲು ಬರುವುದಿಲ್ಲ. ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ "ಎಡಭುಜ ಇಳಿಜಾರು", "ಬಲಗೈ ಅರ್ಧ ಇಂಚು ಉದ್ದ", "ಸೊಂಟ ಕೇಳಿದರೆ ಸಿಟ್ಟು", "ಕತ್ತು ಇಲ್ಲವೇ ಇಲ್ಲ" ಎಂದಿರುತ್ತದೆ. ಈ ಸಲ ಅತ್ತೆ ಇಡೀ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ್ದರು. ಪಟ್ಟಿಯ ಮೊದಲ ಕಾಲಮ್ಮಿನಲ್ಲಿ ಏನಿರುತ್ತದೋ ಅದನ್ನು ಯಂತ್ರವೇ "ಪ್ರಿಯ" ಎಂಬುದರ ಮುಂದೆ ಜೋಡಿಸಿ ಒಬ್ಬೊಬ್ಬರಿಗೂ ಕಳಿಸುತ್ತದೆ. ಅತ್ತೆ ಪುಸ್ತಕದಲ್ಲಿ ಇದ್ದಂತೆಯೇ ದಪ್ಪಕ್ಷರದ್ದನ್ನು ಮೊದಲು ಬಡಿದಿದ್ದರು.

ಹಾಗಾಗಿ ಆ ಸೋಮವಾರ ಮುನ್ನೂರ ಹನ್ನೆರಡು ಮನೆಗಳಿಗೆ ಪತ್ರ ಹೋಯಿತು. ಪ್ರಿಯ ಎಡಭುಜ ಇಳಿಜಾರು ಅವರಿಗೆ. ಪ್ರಿಯ ಕತ್ತು ಇಲ್ಲವೇ ಇಲ್ಲ ಅವರಿಗೆ. ಪ್ರಿಯ ಸೊಂಟ ಕೇಳಿದರೆ ಸಿಟ್ಟು ಅವರಿಗೆ.

ಮಂಗಳವಾರ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಾಲ್ಕು ಜನ. ಟೈಲರಮ್ಮ ಅವಸರದಲ್ಲಿ ಬೀಗ ತೆಗೆದಳು. ಮುಂದೆ ನಿಂತಿದ್ದ ಅಂಚೆಯವನು, "ನಾನೇ ಎಡಭುಜ ಇಳಿಜಾರು. ಹದಿನೈದು ವರ್ಷ ಚೀಲ ಹೊತ್ತಿದ್ದು ಇವತ್ತಿಗೆ ಒಬ್ರಾದ್ರೂ ಗಮನಿಸಿದಾರೆ ಅಂತ ಗೊತ್ತಾಯ್ತು," ಎಂದು ಮಗನ ಪ್ಯಾಂಟು ಮೇಜಿನ ಮೇಲಿಟ್ಟ. ಕತ್ತು ಇಲ್ಲದವನ ಹೆಂಡತಿ ನಗು ತಡೆಯಲಾರದೆ ಪರದೆ ಹಿಂದೆ ಹೋಗಿ ಕುಳಿತಳು. ಸೊಂಟದವಳು ಮಾತ್ರ, "ಬರೆದಿದ್ದೇನೋ ಸರಿ ಬಿಡಿ, ಆದ್ರೆ ಇನ್ಮೇಲೆ ನನ್ನ ಗಂಡನ ವಿಳಾಸಕ್ಕೆ ಕಳಿಸ್ಬೇಡಿ," ಎಂದಳು.

ಒಬ್ಬರು ಮಾತ್ರ ನಗಲಿಲ್ಲ. ಚೌಕದ ರೆಡಿಮೇಡ್ ಮಳಿಗೆಯ ಮ್ಯಾನೇಜರ್. ಮೂರು ಮಹಡಿ ತುಂಬಾ ಬಟ್ಟೆ ಮಾರುವ ಈ ಮನುಷ್ಯನಿಗೆ ಅಲ್ಲಿಯ ಒಂದು ಪ್ಯಾಂಟೂ ಆಗುತ್ತಿರಲಿಲ್ಲ. ಆರು ವರ್ಷದಿಂದ ಸದ್ದಿಲ್ಲದೆ ಟೈಲರಮ್ಮನ ಹತ್ತಿರವೇ ಹೊಲಿಸುತ್ತಿದ್ದ. ಆತನ ಪುಟದ ನೆತ್ತಿಯಲ್ಲಿ ಇದ್ದದ್ದು "ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುತ್ತಾರೆ, ಎರಡು ಇಂಚು ಸೇರಿಸು". ಸೋಮವಾರ ಬೆಳಿಗ್ಗೆ ಮಳಿಗೆಯ ನೌಕರರನ್ನೆಲ್ಲ ಕೂರಿಸಿಕೊಂಡು, ತನ್ನ ಕಂಪ್ಯೂಟರನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಿ ಆತ ಭಾಷಣ ಮಾಡುತ್ತಿದ್ದಾಗ, ಪರದೆಯ ಮೂಲೆಯಲ್ಲಿ ಪತ್ರ ಬಂದು ತೆರೆದುಕೊಂಡಿತಂತೆ. ಹಿಂದಿನ ಸಾಲಿನವರೂ ಓದುವಷ್ಟು ದೊಡ್ಡಕ್ಷರದಲ್ಲಿ.

ಹೊಟ್ಟೆಯ ಮೇಲೆ ದೂರು ಬರೆಯಲು ಯಾವ ಕಚೇರಿಯಲ್ಲೂ ಫಾರಂ ಇಲ್ಲ. ಬೇಡದ ಪತ್ರದ ಮೇಲೆ ಇದೆ. ಮ್ಯಾನೇಜರ್ ಅದರಲ್ಲಿ ಗುರುತು ಹಾಕಿದ.

ಬುಧವಾರ ಮಧ್ಯಾಹ್ನವೇ ಅತ್ತೆ ಸೊಸೆ ಹುಡುಕಿಕೊಂಡು ಹೋದ ನಿಯಂತ್ರಣ ಕಚೇರಿ ಎರಡನೇ ಮಹಡಿಯಲ್ಲಿತ್ತು. ಬೆಂಚಿನ ಮೇಲೆ ಆಗಲೇ ಇಬ್ಬರು ಕುಳಿತಿದ್ದರು. ಒಬ್ಬರು ಕನ್ನಡಕದ ಅಂಗಡಿಯವರು. ವರ್ಷಕ್ಕೊಮ್ಮೆ ಕಣ್ಣು ತೋರಿಸಿ ಎಂದು ಗಿರಾಕಿಗಳಿಗೆ ಬರೆದದ್ದು ಅವರ ಅಪರಾಧ. ಇನ್ನೊಬ್ಬಳು ಪುಸ್ತಕ ಕಟ್ಟುವವಳು. ನೀವು ಬಿಟ್ಟುಹೋದ ನಿಘಂಟಿಗೆ ರಟ್ಟು ಹಾಕಿಯಾಗಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಮೂರು ಸಲ ಬರೆದಿದ್ದಳು. ಮೂರನೆಯದು ಕಿರುಕುಳ ಎಂದು ದಾಖಲಾಗಿತ್ತು.

ಅಧಿಕಾರಿ ಮರ್ಯಾದಸ್ಥ. ಎದ್ದು ನಿಂತು ಅತ್ತೆಗೆ ಕುರ್ಚಿ ಎಳೆದುಕೊಟ್ಟ. ಆಮೇಲೆ ಕೂತು ಕಾಯಿದೆಯ ಪುಸ್ತಕ ತೆರೆದ.

"ಒಪ್ಪಿಗೆ ಎಲ್ಲಿದೆ ಹೇಳಿ."

"ಅಳತೆ ಕೊಟ್ಟಿದಾರಲ್ಲ ಸಾರ್," ಎಂದಳು ಟೈಲರಮ್ಮ. "ನಾನು ಟೇಪು ಸುತ್ತುವಾಗ ಕೈ ಎತ್ತಿಕೊಂಡು ನಿಂತಿದಾರೆ. ವಿಳಾಸ ಅವರೇ ಬರೆದು ಕೊಟ್ಟಿದಾರೆ."

"ಅದು ಅಳತೆಗೆ ಒಪ್ಪಿಗೆ. ಪತ್ರಕ್ಕಲ್ಲ."

"ಸರಿ, ಹಾಗಾದ್ರೆ ಈಗ ಬರೆದು ಕೇಳ್ತೀನಿ. ನಿಮಗೆ ಪತ್ರ ಕಳಿಸ್ಬಹುದಾ ಅಂತ."

"ಹಾಗೆ ಕೇಳೋ ಪತ್ರವೂ ಒಪ್ಪಿಗೆ ಇಲ್ಲದ ಪತ್ರವೇ ಆಗುತ್ತೆ, ಅಮ್ಮ. ಅದಕ್ಕೆ ಬೇರೆ ಪ್ರಕರಣ ದಾಖಲಾಗುತ್ತೆ."

ಅತ್ತೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡರು. "ನಂದೊಂದು ಸಣ್ಣ ಅನುಮಾನ. ಚೌಕದ ರೆಡಿಮೇಡ್ ಮಳಿಗೆಯಿಂದ ನನಗೆ ದಿನಕ್ಕೆ ಮೂರು ಪತ್ರ ಬರುತ್ವೆ. ಬೆಳಿಗ್ಗೆ ಒಂದು, ಊಟದ ಹೊತ್ತಿಗೊಂದು, ಮಲಗೋ ಮುಂಚೆ ಒಂದು. ಡಾಕ್ಟರು ಮಾತ್ರೆ ಬರೆದುಕೊಟ್ಟ ಹಾಗೆ. ಅವರಿಗೆ ಯಾರು ಒಪ್ಪಿಗೆ ಕೊಟ್ಟೋರು?"

"ನೀವೇ."

"ಯಾವಾಗಪ್ಪ?"

ಅಧಿಕಾರಿ ಪರದೆ ನೋಡಿದ. "ಹೋದ ವರ್ಷ ನೀವು ಅಲ್ಲಿ ಒಂದು ಕರ್ಚೀಫು ಕೊಂಡಿದೀರಿ. ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿದೆ, ಕೊಂಡವರು ಒಪ್ಪಿದಂತೆ ಅಂತ. ಅವರ ವಕೀಲರು ಬರೆದಿದಾರೆ. ಎಲ್ಲ ಕ್ರಮಬದ್ಧ."

"ಆ ಕರ್ಚೀಫು ಕಳೆದೇ ಹೋಯ್ತಲ್ಲಪ್ಪ. ಒಪ್ಪಿಗೆ ಇನ್ನೂ ಇದೆಯಾ?"

"ಬೇಡ ಅಂದ್ರೆ ಕೆಳಗೆ 'ಬೇಡ' ಅಂತ ಒಂದು ಗುಂಡಿ ಇರುತ್ತೆ, ಒತ್ತಿ."

"ಒತ್ತಿದೆ. ಯಾಕೆ ಬೇಡ ಅಂತ ಕೇಳಿ ನಾಲ್ಕನೇ ಪತ್ರ ಬಂತು."

ಹಿಂದಿನ ಬೆಂಚಿನಿಂದ ಕನ್ನಡಕದವರು ಕೆಮ್ಮಿದರು. ಅದು ಕೆಮ್ಮಲ್ಲ ಎಂಬುದು ಅಧಿಕಾರಿಗೂ ತಿಳಿಯಿತು. ಆತ ಪುಸ್ತಕ ಮುಚ್ಚಿ, ಹತ್ತು ದಿನದೊಳಗೆ ಒಬ್ಬೊಬ್ಬರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ತಂದರೆ ನೋಡೋಣ, ಆದರೆ ಈಮೇಲ್ ಮಾತ್ರ ಕಳಿಸಕೂಡದು ಎಂದ.

ಮೆಟ್ಟಿಲಿಳಿಯುವಾಗ ಟೈಲರಮ್ಮನ ಮುಖ ಬಾಡಿತ್ತು. ಮುನ್ನೂರ ಹನ್ನೆರಡು ಮನೆಯ ಬಾಗಿಲು ತಟ್ಟಲು ಹತ್ತು ದಿನ. ಯಂತ್ರ ತುಳಿಯುವುದು ಯಾವಾಗ? ಅತ್ತೆ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಾ, "ಕಾಗದಕ್ಕೆ ಇನ್ನೂ ಕಾಯಿದೆ ಬಂದಿಲ್ಲ ಅಲ್ವಾ?" ಎಂದರು.

"ಬಂದಿಲ್ಲ ಅನ್ಸುತ್ತೆ. ಯಾಕೆ?"

"ನಾವು ವರ್ಷಕ್ಕೆ ಎಷ್ಟು ಜೇಬು ಹೊಲೀತೀವೇ? ಎಲ್ಲ ಖಾಲಿ ಕಳಿಸ್ತೀವಿ. ದಂಡ ಅಲ್ವಾ?"

ಕೆಳಗೆ ನಿಂತಿದ್ದ ಕನ್ನಡಕದವರೂ ಪುಸ್ತಕ ಕಟ್ಟುವವಳೂ ಇದನ್ನು ಕೇಳಿಸಿಕೊಂಡರು. ನಾಲ್ವರೂ ಅಲ್ಲೇ ಬಾಗಿಲ ಬಳಿ ಅರ್ಧ ಗಂಟೆ ಗುಸುಗುಸು ಮಾಡಿದರು. ಕಾವಲುಗಾರ ಎರಡು ಸಲ ಬಂದು ನೋಡಿಹೋದ.

ಮಾರನೆಯ ದಿನದಿಂದ ಟೈಲರಮ್ಮನ ಅಂಗಡಿಯಿಂದ ಹೊರಟ ಪ್ರತಿ ಅಂಗಿಯ ಜೇಬಿನಲ್ಲಿ ಮೂರು ಚೀಟಿ. ಒಂದು ತನ್ನದು, ಒಂದು ಕನ್ನಡಕದವರದು, ಒಂದು ಪುಸ್ತಕ ಕಟ್ಟುವವಳದು. ಕನ್ನಡಕದವರು ಪ್ರತಿ ಡಬ್ಬಿಯೊಳಗೆ, ಒರೆಸುವ ಬಟ್ಟೆಯ ಕೆಳಗೆ ಅದೇ ಮೂರು ಚೀಟಿ ಮಡಿಸಿಟ್ಟರು. ಪುಸ್ತಕ ಕಟ್ಟುವವಳು ರಟ್ಟಿಗೂ ಮೊದಲ ಹಾಳೆಗೂ ನಡುವೆ ಸೇರಿಸಿದಳು. ಅಂಚೆಯವನು, ಇದು ತನ್ನ ಕೆಲಸಕ್ಕೆ ಸೇರಿದ್ದಲ್ಲ ಎಂದು ಮೂರು ಸಲ ಸ್ಪಷ್ಟಪಡಿಸಿ, ಒಂದು ಕಟ್ಟು ಚೀಟಿಯನ್ನು ಇಳಿಜಾರು ಭುಜಕ್ಕೆ ಏರಿಸಿಕೊಂಡು ಹೋದ.

ಚೀಟಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನಮ್ಮ ಪತ್ರ ಬೇಕೇ, ಬೇಡವೇ? ಕೆಳಗೆ ಸಹಿಗೆ ಜಾಗ. ಜನ ಅಷ್ಟಕ್ಕೇ ಬಿಡಬೇಕಲ್ಲ. ಸಿಕ್ಕಿದ ಖಾಲಿ ಜಾಗದಲ್ಲೆಲ್ಲ ಬರೆದು ವಾಪಸು ಕಳಿಸಿದರು. "ಬೇಕು. ಆದರೆ ನನ್ನನ್ನು ಕತ್ತು ಇಲ್ಲದವನು ಅಂತಲೇ ಕರೆಯಿರಿ, ಅಭ್ಯಾಸವಾಗಿದೆ." "ಬೇಕು. ಮಗಳ ಫ್ರಾಕಿನ ವಿಷಯ ಬರೆಯಿರಿ, ನನ್ನ ಸೊಂಟದ ಮಾತೆತ್ತಬೇಡಿ." "ಬೇಕು, ನನಗೆ ಬೇರೆ ಯಾರೂ ಪತ್ರ ಬರೆಯುವುದಿಲ್ಲ." ಇದನ್ನು ಓದಿದ ಅತ್ತೆ ಸ್ವಲ್ಪ ಹೊತ್ತು ಗುಂಡಿ ಡಬ್ಬಿಯಲ್ಲಿ ಕೈಯಾಡಿಸಿದರು. ಆಮೇಲೆ ಆ ಚೀಟಿಯನ್ನು ಬೇರೆಯೇ ತೆಗೆದಿಟ್ಟರು.

ಒಂಬತ್ತನೆಯ ದಿನಕ್ಕೆ ಬೇಕು ಎಂದ ಇನ್ನೂರ ಎಂಬತ್ತೇಳು ಚೀಟಿ ಸೇರಿದವು. ಬೇಡ ಎಂದವರು ಆರು ಜನ. ಅವರ ಹೆಸರನ್ನು ಅತ್ತೆ ಮರುಮಾತಿಲ್ಲದೆ ಪಟ್ಟಿಯಿಂದ ಹೊಡೆದುಹಾಕಿದರು. "ಬೇಡ ಅಂದೋರಿಗೆ ಯಾಕೆ ಅಂತ ಕೇಳೋ ಚಾಳಿ ನಮಗಿಲ್ಲ," ಎಂದರು. ಉಳಿದವರಲ್ಲಿ ಊರು ಬಿಟ್ಟವರಿದ್ದರು, ಲೋಕ ಬಿಟ್ಟವರೂ ಇದ್ದರು.

ಅದೇ ಸಂಜೆ ಮ್ಯಾನೇಜರ್ ಬಂದ. ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡಿ ಒಳಗೆ ನುಗ್ಗಿದ.

"ನನ್ನ ಪ್ಯಾಂಟು ಆಯ್ತಾ?"

ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ನಮ್ಮ ಮೇಲೆ ದೂರು ಕೊಟ್ಟೋರು ನೀವೇ ತಾನೇ?"

"ನಾನು ಪತ್ರ ಬೇಡ ಅಂದೆ. ಪ್ಯಾಂಟು ಬೇಡ ಅನ್ನಲಿಲ್ಲ."

"ಕೊಡೇ," ಎಂದರು ಅತ್ತೆ. "ಹಾಕ್ಕೊಂಡು ನೋಡ್ಲಿ. ಉಸಿರು ಬಿಟ್ಟುಕೊಂಡು ನೋಡ್ಲಿ."

ಆತ ಪರದೆ ಹಿಂದೆ ಹೋಗಿ ಬಂದ. ಪ್ಯಾಂಟು ಮೈಗೆ ಮಾಡಿಸಿದ ಹಾಗಿತ್ತು, ಮಾಡಿಸಿದ್ದೇ ಆದ್ದರಿಂದ. ಟೈಲರಮ್ಮ ಮಂಡಿಯೂರಿ ಕಾಲಿನ ಅಂಚು ನೋಡಿದಳು. ಎಷ್ಟೇ ಸಿಟ್ಟಿದ್ದರೂ ಸೊಟ್ಟ ಹೊಲಿಗೆ ಆಕೆಯ ಕೈಯಿಂದ ಬರುತ್ತಿರಲಿಲ್ಲ. ಮ್ಯಾನೇಜರ್ ಮೆತ್ತಗಾದ.

"ನೋಡಿ ಟೈಲರಮ್ಮ, ನನಗೇನೂ ಹಗೆ ಇಲ್ಲ. ನಾಳೆ ನೀವು ಎಷ್ಟು ಚೀಟಿ ಒಯ್ದರೂ ಅವರು ಏನಾದ್ರೂ ಕೊಂಕು ತೆಗೀತಾರೆ. ಪತ್ರ ಕಳಿಸೋಕೆ ಈಗ ನೋಂದಣಿ ಬೇಕು. ನೋಂದಣಿಗೆ ಒಬ್ಬ ವಕೀಲ, ಒಬ್ಬ ಲೆಕ್ಕಿಗ, ಇಬ್ಬರು ಕಂಪ್ಯೂಟರಿನವರು ಬೇಕು. ನಮ್ಮ ಹತ್ತಿರ ಇದಾರೆ. ನಿಮ್ಮ ಪಟ್ಟಿ ನಮಗೆ ಕೊಟ್ಟುಬಿಡಿ, ನಿಮ್ಮ ಪತ್ರ ನಾವೇ ಕಳಿಸ್ತೀವಿ."

"ಹೊಸದು ಕೊಳ್ಳಬೇಡಿ ಅಂತ ನೀವು ಬರೀತೀರಾ?"

"ಆ ಒಂದು ಸಾಲು ತೆಗೀಬೇಕಾಗುತ್ತೆ."

"ಪತ್ರದಲ್ಲಿ ಇರೋದೇ ಆ ಒಂದು ಸಾಲು."

ಅತ್ತೆ ಕಾಜಾದ ದಾರ ಹಲ್ಲಿನಲ್ಲಿ ಕಡಿದರು. "ಅಲ್ಲಪ್ಪ, ಮೂರು ಮಹಡಿ ಬಟ್ಟೆ ಇಟ್ಕೊಂಡು ಇಲ್ಲಿಗೆ ಬರ್ತೀಯಲ್ಲ, ನಿನ್ನ ನೌಕರರಿಗೆ ಏನಂತ ಹೇಳ್ತೀಯ?"

"ಅವರಿಗೀಗ ಎಲ್ಲ ಗೊತ್ತು," ಎಂದ ಮ್ಯಾನೇಜರ್ ಸಣ್ಣ ದನಿಯಲ್ಲಿ. "ನಾನು ಒಳಗೆ ಬರ್ತಿದ್ದ ಹಾಗೇ ಎಲ್ಲರೂ ಹೊಟ್ಟೆ ಒಳಗೆ ಎಳ್ಕೋತಾರೆ."

ಹಳೆಯ ಪ್ಯಾಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಸದರಲ್ಲೇ ಹೊರಟುಹೋದ. ಟೈಲರಮ್ಮನಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಮರುಕ್ಷಣವೇ ಆ ಪಾಪವನ್ನು ಕೊಡವಿಕೊಂಡಳು.

ಹತ್ತನೆಯ ದಿನ ಅಧಿಕಾರಿಯ ಮೇಜಿನ ಮೇಲೆ ಇನ್ನೂರ ಎಂಬತ್ತೇಳು ಚೀಟಿ ಸುರಿದಾಗ ಆತ ನಿಜಕ್ಕೂ ಬೆರಗಾದ. ಒಂದೆರಡನ್ನು ಓದಿ ಮೀಸೆಯೊಳಗೆ ನಕ್ಕ ಕೂಡ. ಬೆಂಚಿನ ಮೇಲೆ ಕನ್ನಡಕದವರೂ ಪುಸ್ತಕ ಕಟ್ಟುವವಳೂ ತಮ್ಮ ತಮ್ಮ ಚೀಟಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಇಲ್ಲಿ ಏನಾಗುತ್ತದೋ ಅದೇ ತಮಗೂ ಎಂಬುದು ಅವರ ಮುಖದಲ್ಲಿತ್ತು.

"ಬಹಳ ಒಳ್ಳೇದು. ನಾಳೆಯೇ ನಿಮ್ಮ ಖಾತೆ ತೆರೆಸ್ತೀನಿ," ಎಂದ ಅಧಿಕಾರಿ. "ಇಲ್ಲೊಂದು ಸಹಿ ಹಾಕಿಬಿಡಿ."

ಟೈಲರಮ್ಮ ಕಾಗದ ತೆಗೆದುಕೊಂಡು ಬೆರಳಿಟ್ಟು ಓದಿದಳು. ಬಟ್ಟೆಯ ನೇಯ್ಗೆಯಲ್ಲಿ ದೋಷ ಹುಡುಕುವಂತೆ, ಸಾಲಿನಿಂದ ಸಾಲಿಗೆ. ನಾನು ಮುನ್ನೂರ ಹನ್ನೆರಡು ಬೇಡದ ಪತ್ರಗಳನ್ನು ಕಳಿಸಿರುತ್ತೇನೆ. ಇನ್ನು ಮುಂದೆ ನೋಂದಾಯಿತ ಸಂಸ್ಥೆಯ ಮೂಲಕವಲ್ಲದೆ ಪತ್ರ ಕಳಿಸುವುದಿಲ್ಲ. ಗಿರಾಕಿಗಳ ಪಟ್ಟಿಯನ್ನು ಸದರಿ ಸಂಸ್ಥೆಗೆ ಒಪ್ಪಿಸಿರುತ್ತೇನೆ.

"ನೋಂದಾಯಿತ ಸಂಸ್ಥೆ ಅಂದ್ರೆ ಯಾರು ಸಾರ್?"

"ಸದ್ಯಕ್ಕೆ ಈ ಊರಿನಲ್ಲಿ ಒಂದೇ. ಚೌಕದ ರೆಡಿಮೇಡ್ ಮಳಿಗೆ."

"ಪತ್ರ ಬೇಕು ಅಂತ ಇನ್ನೂರ ಎಂಬತ್ತೇಳು ಜನ ಬರೆದುಕೊಟ್ಟಿದಾರೆ. ಬೇಡದ ಪತ್ರ ಅಂತ ನಾನ್ಯಾಕೆ ಬರೆದುಕೊಡಲಿ?"

"ಅವರು ಬೇಕು ಅಂದಿರೋದು ಈಗ. ನೀವು ಕಳಿಸಿದಾಗ ಅಂದಿರಲಿಲ್ಲ. ಅಂದಮೇಲೆ ಆಗ ಅದು ಬೇಡದ ಪತ್ರವೇ."

ಅತ್ತೆ ಬಾಯಿ ತೆರೆದರು. ಟೈಲರಮ್ಮ ಅವರ ಮಂಡಿಯ ಮೇಲೆ ಕೈಯಿಟ್ಟಳು. ಇಷ್ಟು ದಿನ ಮಾತೆಲ್ಲ ಅತ್ತೆಯದೇ ಆಗಿತ್ತು.

"ಸಾರ್, ನೀವು ಪಟ್ಟಿ ಅಂತಿರೋದು ನನ್ನ ಅಳತೆ ಪುಸ್ತಕ. ನಿಮಗೆ ಅದು ಬರೀ ವಿಳಾಸ. ಅದರಲ್ಲಿ ಯಾರ ಮೈ ಎಲ್ಲಿ ಸೊಟ್ಟ ಅಂತ ಇದೆ. ಪರದೆ ಹಿಂದೆ ನಿಂತು ನನಗೆ ತೋರಿಸಿದ್ದು, ಊರಿಗಲ್ಲ. ನಮ್ಮ ಅತ್ತೆ ಕೈತಪ್ಪಿ ಒಂದ್ಸಲ ಅವರವರ ಗುಟ್ಟು ಅವರವರಿಗೇ ಬರೆದ್ರು, ಅದಕ್ಕೆ ನಾನು ಮನೆಮನೆಗೆ ಹೋಗಿ ಕ್ಷಮೆ ಕೇಳೋಕೂ ತಯಾರು. ಆದ್ರೆ ಆ ಪುಸ್ತಕ ಮಾರೋರ ಕೈಗೆ ಕೊಡಿ ಅಂತೀರಲ್ಲ, ಅದನ್ನ ಯಾವ ಬಾಯಲ್ಲಿ ಹೇಳ್ತೀರಿ?"

"ನಾನು ಹೇಳ್ತಿಲ್ಲ ಅಮ್ಮ. ಕಾಯಿದೆ ಹೇಳುತ್ತೆ. ಜನಕ್ಕೆ ಕಿರಿಕಿರಿ ಆಗಬಾರದು ಅಂತ ಮಾಡಿದ ಕಾಯಿದೆ."

"ಕಿರಿಕಿರಿ ದಿನಕ್ಕೆ ಮೂರು ಸಲ ಬರ್ತಿದೆ ಸಾರ್. ಅದಕ್ಕೆ ನೋಂದಣಿ ಆಗಿದೆ."

ಬೆಂಚಿನ ಕಡೆ ಯಾರೂ ಕೆಮ್ಮಲಿಲ್ಲ. ಅಧಿಕಾರಿ ಕಾಗದವನ್ನು ಮತ್ತೆ ಆಕೆಯ ಮುಂದಕ್ಕೆ ಸರಿಸಿ, ಪೆನ್ನಿನ ಮುಚ್ಚಳ ತಾನೇ ತೆಗೆದು, ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಮಾಡಿದ. ದನಿ ತಗ್ಗಿಸಿದ.

"ಶಾಲೆ ಶುರುವಾಗೋಕೆ ನಾಲ್ಕೂವರೆ ವಾರ ಇದೆ. ಸಹಿ ಹಾಕದಿದ್ರೆ ಖಾತೆ ಮುಚ್ಚೇ ಇರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಹಾಕಿ."

ಟೈಲರಮ್ಮನಿಗೆ ಅಂಗಡಿ ಕಣ್ಣಮುಂದೆ ಬಂತು. ಕೊಳವೆಗೆ ತೂಗಿದ ಬಟ್ಟೆ ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಬರೀ ಕೊಳವೆ. ಆಕೆ ಪೆನ್ನಿನ ಮುಚ್ಚಳ ಹುಡುಕಿ ಎತ್ತಿಕೊಂಡು, ಪೆನ್ನಿಗೆ ತಿರುಗಿಸಿ ಹಾಕಿ, ಅದನ್ನು ಕಾಗದದ ಮೇಲೆ ಅಡ್ಡಲಾಗಿ ಇಟ್ಟಳು.

"ಹಾಕಲ್ಲ ಸಾರ್."